ಯಾವ ಬಾಗಿಲಿಂದ ಬಂತು

ಕಳೆದ ತಿಂಗಳು ಅವರು ನಿವೃತ್ತರಾದರು. ಇಲ್ಲಿಯ ಪದ್ಧತಿಯಂತೆ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ಬೊರೆಲ್ ಇಟ್ಟಿದ್ದರು. ಬೊರೆಲ್ ಎಂದರೆ ನಿಂತುಕೊಂಡೇ ತಿಂದು, ನಿಂತುಕೊಂಡೇ ಕುಡಿದು, ನಿಂತುಕೊಂಡೇ ಒಬ್ಬರನ್ನು ಹೊಗಳಿ ಕಳಿಸಿಬಿಡುವ ಡಚ್ ಸಂಪ್ರದಾಯ. ಕಡಲೆಬೀಜ, ಚೀಸ್ ತುಂಡುಗಳು, ಅವರಿಗೆಂದೇ ತರಿಸಿದ ಕಿತ್ತಳೆ ರಸ. ಮ್ಯಾನೇಜರ್ ಎದ್ದು ನಾಲ್ಕು ಮಾತಾಡಿದ. ಸಮಯಪಾಲನೆ ಎಂದ, ನಿಷ್ಠೆ ಎಂದ, ಅವರು ಮನೆಯಿಂದ ತರುತ್ತಿದ್ದ ಖಾರದ ಶೇಂಗಾ ಚಟ್ನಿಯ ಮೇಲೆ ಒಂದು ತಮಾಷೆ ಮಾಡಿದ. ಎಲ್ಲರೂ ನಕ್ಕರು. ಹೇಳಲೇಬೇಕಾಗಿದ್ದ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಅವರನ್ನು ಬಿಟ್ಟರೆ ಅದು ಗೊತ್ತಿದ್ದವರು ಆ ಕೋಣೆಯಲ್ಲಿ ಅವನು, ನಾನು ಇಬ್ಬರೇ. ಅವನು ಹೇಳಲಿಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ.

ಬರೆಯಲೇ ಎಂದು ಅವರನ್ನು ಕೇಳಿದಾಗ, "ಬರಿ. ಹೆಸರು ಮಾತ್ರ ಹಾಕಬ್ಯಾಡ" ಎಂದರು. ಹಾಗಾಗಿ ಹೆಸರಿಲ್ಲ. ಆಫೀಸಿನ ಕನ್ನಡದವರೆಲ್ಲ ಅವರನ್ನು ಆಪಾ ಎನ್ನುತ್ತಿದ್ದೆವು, ಅಕ್ಕ ಎಂಬರ್ಥದಲ್ಲಿ. ನಮ್ಮ ಬಾಯಲ್ಲಿ ಕೇಳಿ ಕೇಳಿ ಡಚ್ಚರೂ ಅದೇ ಅವರ ಹೆಸರೆಂದುಕೊಂಡು ಆಪಾ ಎನ್ನತೊಡಗಿದರು. ಅರವತ್ತರ ಹತ್ತಿರದ ಮ್ಯಾನೇಜರ್ ಕೂಡ "ಹುಯೆ ಮೊರ್ಖನ್, ಆಪಾ" ಎಂದು ಬೆಳಗಿನ ನಮಸ್ಕಾರ ಹೇಳುವಾಗ ನಮಗೆ ಒಳಗೊಳಗೇ ನಗು.

ಅವರು ವಿಜಯಪುರದವರು. ಬೆಂಗಳೂರಿನಲ್ಲಿ ಬ್ಯಾಂಕೊಂದರ ನೆಟ್‌ವರ್ಕ್ ನೋಡಿಕೊಂಡು, ನಡುವಯಸ್ಸಿನಲ್ಲಿ ಇಲ್ಲಿಗೆ ಬಂದವರು. ಮಗಳ ಜೊತೆ ಆಮ್‌ಸ್ಟರ್‌ಡ್ಯಾಮಿನ ಪಕ್ಕದ ಡೀಮೆನ್‌ನಲ್ಲಿ ಮನೆ. ಕೆಲಸ ಇಲ್ಲಿ ಟಿಲ್‌ಬರ್ಗ್‌ನ ನಮ್ಮ ಸರಕು ಸಾಗಣೆ ಕಂಪನಿಯಲ್ಲಿ. ವಾರದಲ್ಲಿ ಮೂರು ದಿನ ರೈಲಿನಲ್ಲಿ ಬರುತ್ತಿದ್ದರು. ಗಿಡ್ಡ ಆಳು. ತಲೆಯ ಮೇಲೆ ದುಪಟ್ಟಾ, ಕಾಲಲ್ಲಿ ಓಡುವವರ ಶೂ, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಮಧ್ಯಾಹ್ನದ ನಮಾಜಿಗೆ ಪ್ರಥಮ ಚಿಕಿತ್ಸೆಯ ಕೋಣೆ. ಆಮೇಲೆ ಸ್ಟೀಲ್ ಡಬ್ಬಿ ತೆರೆದು ಖಟಕ್ ರೊಟ್ಟಿ ಮುರಿದರೆ ಆ ಸದ್ದಿಗೆ ತಣ್ಣನೆಯ ಬ್ರೆಡ್ಡು ತಿನ್ನುತ್ತಿದ್ದ ಇಡೀ ಸಾಲು ತಿರುಗಿ ನೋಡುತ್ತಿತ್ತು. ಮೈಸೂರಿನವನಾದ ನನ್ನ ಮಾತು ಅವರಿಗೆ ಬೆಣ್ಣೆ ಸವರಿದಂತೆ ಕೇಳುತ್ತಿತ್ತಂತೆ. "ನೀ ಒಂದು ಮಾತು ಹೇಳಿ ಮುಗಿಸೋದ್ರಾಗ ನಮ್ಮೂರಾಗ ಒಂದು ಜಗಳಾ ಆಗಿ ರಾಜಿನೂ ಆಗಿರ್ತದ" ಎನ್ನುತ್ತಿದ್ದರು.

ಅವರ ಕೆಲಸ ಫೈರ್‌ವಾಲ್. ಒಂದು ಜಾಲದಿಂದ ಇನ್ನೊಂದಕ್ಕೆ ಹೋಗುವ ಪ್ರತಿಯೊಂದು ಸಂದೇಶವನ್ನೂ ನಿಲ್ಲಿಸಿ ನೋಡುವ ಕಾವಲು ಯಂತ್ರ ಅದು. ಅದಕ್ಕೆ ಹಲವು ಬಾಗಿಲು: ಇಂಟರ್‌ನೆಟ್ಟಿನ ಕಡೆಗೊಂದು, ನಮ್ಮ ಆಫೀಸಿನ ಕಡೆಗೊಂದು, ಗೋದಾಮಿನ ಕಡೆಗೊಂದು. ಪ್ರತಿ ಸಂದೇಶವೂ ತನ್ನ ಹಣೆಯ ಮೇಲೆ ತಾನು ಯಾವ ವಿಳಾಸದಿಂದ ಹೊರಟೆ ಎಂದು ಬರೆದುಕೊಂಡೇ ಬರುತ್ತದೆ. ತೊಂದರೆ ಏನೆಂದರೆ, ಅದನ್ನು ಬರೆಯುವುದು ಕಳಿಸುವವನೇ. ಏನು ಬೇಕಾದರೂ ಬರೆಯಬಹುದು.

ನಾನು ಸೇರಿದ ಹೊಸದರಲ್ಲಿ ಆಪಾ ಇದನ್ನು ನನಗೆ ಹೇಳಿಕೊಟ್ಟಿದ್ದು ಮದುವೆ ಮನೆಯ ಲೆಕ್ಕದಲ್ಲಿ.

"ನೀ ಮದುವಿ ಮನಿ ಬಾಗಲದಾಗ ನಿಂತೀದಿ ಅಂತ ತಿಳಕೋ. ರಸ್ತೆ ಕಡಿಂದ ಒಬ್ಬಾಂವ ಬಂದು, ನಾ ಒಳಗ ಅಡಿಗಿ ಮಾಡಾಂವ ಅಂತಾನ. ಬಿಡ್ತೀ ಏನು?"

"ಗುರುತು ಕೇಳ್ತೀನಿ, ಆಪಾ."

"ಗುರುತು ಕೇಳೋದೇನದ? ಅಡಿಗಿಯಾಂವ ಒಳಗ ಇರ್ತಾನ. ಹೊರಗಿನ ಬಾಗಲದಾಗ ನಿಂತು ನಾ ಒಳಗಿನಾಂವ ಅಂದ್ರ ಅಲ್ಲೇ ಸುಳ್ಳ ಅಂತ ಗೊತ್ತಾತಲ್ಲ. ಏನ್ ಹೇಳ್ತಾನ ಅನ್ನೋದು ಆಮ್ಯಾಲ. ಯಾವ ಬಾಗಲದಿಂದ ಬಂದ, ಅದನ್ನ ಮದ್ಲ ನೋಡು."

ಇಷ್ಟೇ ಅವರ ವಿದ್ಯೆ ಎಂದರೆ ಉಳಿದ ವಿದ್ಯೆಗೆ ಅನ್ಯಾಯವಾದೀತು. ಆದರೆ ಎಲ್ಲದರ ಬುಡದಲ್ಲಿ ಇದಿತ್ತು. ಯಾವ ಬಾಗಿಲ ಹಿಂದೆ ಯಾವ ವಿಳಾಸಗಳು ವಾಸಿಸುತ್ತವೆ ಎಂದು ಫೈರ್‌ವಾಲ್‌ಗೆ ಕಲಿಸಿ, ಬೇರೆ ಬಾಗಿಲಿಂದ ಆ ವಿಳಾಸ ಹೇಳಿಕೊಂಡು ಬಂದದ್ದನ್ನು ಅಲ್ಲೇ ಬೀಳಿಸುವ ಏರ್ಪಾಡನ್ನು ಅವರು ಪ್ರೀತಿಯಿಂದ ಕಟ್ಟಿದ್ದರು. ಪ್ರೀತಿಯಿಂದ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ.

ಒಳಬರುವುದಕ್ಕೆ ಮಾತ್ರವಲ್ಲ, ಹೊರಹೋಗುವುದಕ್ಕೂ ಅವರ ಕಾವಲಿತ್ತು. ನಮ್ಮ ಕಂಪನಿಯೊಳಗಿಂದ ಪರರ ವಿಳಾಸ ಬರೆದುಕೊಂಡ ಸಂದೇಶವೊಂದೂ ಇಂಟರ್‌ನೆಟ್ಟಿಗೆ ದಾಟಬಾರದು ಎಂದು ಹಟ ಹಿಡಿದಾಗ ಮ್ಯಾನೇಜರ್ ಕೇಳಿದ, "ಇದರಿಂದ ನಮಗೇನು ಲಾಭ?" ಒಳ್ಳೆಯ ಮನುಷ್ಯ ಅವನು, ಆದರೆ ಮಳೆ ಬಂದರೂ ಲಾಭವೇನೆಂದು ಕೇಳುವವನು. ಆಪಾ, "ನಮಗೇನೂ ಇಲ್ಲ" ಎಂದರು. ಅವನು ಬಾಯಿಬಿಟ್ಟು ನೋಡಿದ. "ಲಾಭ ನಮ್ಮಿಂದ ಪೆಟ್ಟು ತಿನ್ನಬೇಕಾಗಿದ್ದವರಿಗೆ. ಅವರು ಯಾರಂತ ನನಗೂ ಗೊತ್ತಿಲ್ಲ" ಎಂದು ಡಚ್ಚಿನಲ್ಲಿ ಹೇಳಿ, ಕನ್ನಡಕ ಏರಿಸಿಕೊಂಡು ಕೆಲಸಕ್ಕೆ ಕೂತರು. ಆ ದಿನ ನಾನು ಇದನ್ನು ಮೊಂಡುತನ ಎಂದುಕೊಂಡಿದ್ದೆ.

ಈ ಬಾಗಿಲಿನ ಗೀಳು ಆಫೀಸಿಗೆ ಮುಗಿಯುತ್ತಿರಲಿಲ್ಲ. ಒಮ್ಮೆ ಕನ್ನಡ ರಾಜ್ಯೋತ್ಸವಕ್ಕೆ ಇಲ್ಲಿಯ ಒಂದು ಸಮುದಾಯ ಭವನದಲ್ಲಿ ಸೇರಿದ್ದೆವು. ಬಿಸಿಬೇಳೆ ಬಾತಿನ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಪೈಕಿ ಒಬ್ಬ, ಇನ್ನೊಬ್ಬನ ಸಂಸಾರ ಮುರಿದುಬಿದ್ದಿದೆ ಎಂಬ ಸುದ್ದಿ ಬಿಚ್ಚಿದ. ಕೋಣ ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಬಾಯಿ ಚಪ್ಪರಿಸಿಕೊಂಡು ಹತ್ತಿರ ಸರಿದೆವು. "ಅವನ ಹೆಂಡತಿನೇ ಹೇಳಿದ್ಳಂತೆ" ಎಂದ ಅವನು.

ಆಪಾ ತಟ್ಟೆ ಹಿಡಿದು ಹಿಂದೆ ನಿಂತಿದ್ದರು. "ನಿನಗ ಹೇಳಿದಳೇನು?"

"ನಂಗಲ್ಲ ಆಪಾ, ವಾಟ್ಸ್ಯಾಪ್‌ನಲ್ಲಿ ಒಬ್ರು..."

"ಅಂದ್ರ ಆಕಿ ಹೆಸರಲೆ ಬಂದದ, ಆಕಿ ಕಡಿಂದ ಬಂದಿಲ್ಲ. ಮುಂದ ನಡಿ, ಅನ್ನ ಆರ್ತದ."

ಸುದ್ದಿ ಅಲ್ಲೇ ಸತ್ತಿತು. ಬಾತು ಬಡಿಸಿಕೊಂಡು ನಾವು ಹವಾಮಾನದ ಬಗ್ಗೆ ಮಾತಾಡಿದೆವು. ಅವರಿದ್ದ ಕಡೆ ಹರಟೆಗೆ ಉಪ್ಪಿರುವುದಿಲ್ಲ ಎಂದು ನಾವು ಅವರ ಬೆನ್ನ ಹಿಂದೆ ಗೊಣಗುತ್ತಿದ್ದುದುಂಟು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದು ಕೆಲವು ವರ್ಷಗಳ ಹಿಂದಿನದು. ಆ ವರ್ಷ ನಮ್ಮ ಕಂಪನಿ ದೇಶದ ಪೂರ್ವದಂಚಿನ ಎನ್ಸ್‌ಕೆಡೆಯಲ್ಲಿ ಒಂದು ಚಿಕ್ಕ ಗೋದಾಮು ಕೊಂಡಿತು. ಎರಡೂ ಊರಿನ ನೆಟ್‌ವರ್ಕ್‌ಗಳನ್ನು ಒಂದು ಲೈನು ಎಳೆದು ಜೋಡಿಸಿದರು. ಫೈರ್‌ವಾಲ್‌ಗೆ ಹೊಸದೊಂದು ಬಾಗಿಲು ಬಂತು, ಎನ್ಸ್‌ಕೆಡೆಯ ಬಾಗಿಲು. ಎರಡೂ ಕಡೆಯ ನೆಟ್‌ವರ್ಕಿಗೆ ಒಬ್ಬ ಮುಖ್ಯಸ್ಥರು ಬೇಕಾಗುತ್ತಾರೆ, ಜನವರಿಯಿಂದ ಆ ಹುದ್ದೆ ಆಪಾಗೆ ಎಂದು ಮ್ಯಾನೇಜರ್ ಎಲ್ಲರೆದುರೇ ಹೇಳಿದ್ದ. ಆಪಾ ಅದಕ್ಕಾಗಿ ಬಹಳ ವರ್ಷ ಕಾದಿದ್ದರು. ಕಾದಿದ್ದೇನೆಂದು ಬಾಯಿಬಿಟ್ಟೂ ಹೇಳಿದ್ದರು. ಬೇಕಾದದ್ದನ್ನು ಬೇಡವೆನ್ನುವ ನಾಟಕ ಅವರಿಗೆ ಬರುತ್ತಿರಲಿಲ್ಲ.

ಆ ನವೆಂಬರಿನಲ್ಲಿ ಬೆಲ್ಟ್ ನಿಲ್ಲತೊಡಗಿತು. ಟಿಲ್‌ಬರ್ಗ್ ಗೋದಾಮಿನಲ್ಲಿ ಪೊಟ್ಟಣಗಳನ್ನು ಹೊತ್ತೊಯ್ಯುವ ಉದ್ದನೆಯ ಚಲಿಸುವ ಬೆಲ್ಟ್ ಅದು. ಮಕ್ಕಳಿಗೆ ಉಡುಗೊರೆ ಕೊಡುವ ಸಿಂಟರ್‌ಕ್ಲಾಸ್ ಹಬ್ಬದ ಮುಂಚಿನ ದಿನಗಳು. ದೇಶದ ಅರ್ಧ ಮಕ್ಕಳ ಆಟಿಕೆ ನಮ್ಮ ಬೆಲ್ಟಿನ ಮೇಲೇ ಇದೆಯೇನೋ ಎನ್ನುವಷ್ಟು ರಾಶಿ. ಅಂಥದರಲ್ಲಿ ಬೆಲ್ಟ್ ಇದ್ದಕ್ಕಿದ್ದಂತೆ ನಿಲ್ಲುವುದು, ಯಾರೋ ಹೋಗಿ ಚಾಲೂ ಮಾಡುವುದು, ಮತ್ತೆ ನಿಲ್ಲುವುದು. ಲಾರಿಗಳು ಹೆದ್ದಾರಿಯವರೆಗೆ ಸಾಲುಗಟ್ಟಿದವು. ಬೆಲ್ಟಿನ ಯಂತ್ರ ತನಗೆ ಬಂದ ಆದೇಶಗಳನ್ನೆಲ್ಲ ದಾಖಲು ಮಾಡಿಕೊಳ್ಳುತ್ತದೆ. ತೆಗೆದು ನೋಡಿದರೆ, ನಿಲ್ಲು ಎಂಬ ಆದೇಶ ಪ್ರತಿಸಲವೂ ಒಂದೇ ವಿಳಾಸದಿಂದ ಬಂದಿತ್ತು. ನನ್ನ ಮೇಜಿನ ಮೇಲಿನ ಕಂಪ್ಯೂಟರಿನ ವಿಳಾಸ.

ನಾನು ಏನೂ ಮಾಡಿರಲಿಲ್ಲ. ಬೇಸಿಗೆಯಲ್ಲಿ ಆ ಬೆಲ್ಟನ್ನು ಪರೀಕ್ಷಿಸುವ ಕೆಲಸ ನನ್ನದಾಗಿತ್ತು, ಆದ್ದರಿಂದ ಅದನ್ನು ನಿಲ್ಲಿಸುವ ಅಧಿಕಾರ ನನ್ನ ಕಂಪ್ಯೂಟರಿಗಿತ್ತು, ಅಷ್ಟೇ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಮ್ಯಾನೇಜರ್ ಮತ್ತು ಸಿಬ್ಬಂದಿ ವಿಭಾಗದ ಹೆಂಗಸು ಎದುರು ಕೂರಿಸಿಕೊಂಡು ಕೇಳಿದಾಗ ನಾಲಿಗೆ ತೊದಲಿತು, ಕಿವಿ ಕೆಂಪಾಯಿತು, ಮಾಡದ ತಪ್ಪಿಗೆ ಮುಖ ತಾನಾಗಿ ಕಳ್ಳನ ಮುಖವಾಯಿತು. ಅವರು ಬಹಳ ಸೌಜನ್ಯದಿಂದ ನನ್ನ ಪ್ರವೇಶದ ಕಾರ್ಡ್ ತೆಗೆದುಕೊಂಡು, ತೀರ್ಮಾನವಾಗುವವರೆಗೆ ಮನೆಯಲ್ಲಿರಿ ಎಂದರು.

ಮನೆಯಲ್ಲಿರುವುದು ಎಂದರೇನು ಎಂದು ಪರ್ಮಿಟ್ಟಿನ ಮೇಲೆ ಬಂದವರಿಗೆ ಹೇಳಬೇಕಾಗಿಲ್ಲ. ಕೆಲಸ ಹೋದರೆ ಮೂರು ತಿಂಗಳು. ಅಷ್ಟರಲ್ಲಿ ಬೇರೆ ಕೆಲಸ ಸಿಗದಿದ್ದರೆ ಗಂಟುಮೂಟೆ. ಅದೂ ಬೇಕೆಂದೇ ಕೆಲಸ ಕೆಡಿಸಿದವನು ಎಂಬ ಹೆಸರು ಹೊತ್ತವನಿಗೆ ಯಾರು ಕೆಲಸ ಕೊಡುತ್ತಾರೆ? ಮಗಳು ಶಾಲೆಯಿಂದ ಬಂದವಳು, ಹಗಲು ಹೊತ್ತಿನಲ್ಲಿ ಅಪ್ಪ ಸೋಫಾದ ಮೇಲಿರುವುದನ್ನು ಕಂಡು ಡಚ್ಚಿನಲ್ಲಿ ಸಂಭ್ರಮಪಟ್ಟಳು. ಹೆಂಡತಿ ನನ್ನ ಮುಂದೆ ಕಾಫಿ ಇಟ್ಟು ಅಡುಗೆಮನೆಗೆ ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮಾರನೆಯ ದಿನ ಆಪಾ ಫೋನ್ ಮಾಡಿದರು.

"ತಮ್ಮಾ, ನೀ ಮಾಡಿಯೇನು?"

"ಇಲ್ಲ ಆಪಾ, ದೇವ್ರಾಣೆ ಮಾಡಿಲ್ಲ. ನೀವಾದ್ರೂ ನಂಬಿ."

"ನಾ ಯಾಕ ನಂಬಲಿ? ನೀ ಮಾಡೀದಿ ಅಂತ ಆ ದಾಖಲಿ ಹೇಳ್ತದ, ಮಾಡಿಲ್ಲ ಅಂತ ನೀ ಹೇಳ್ತಿ. ಎರಡೂ ಬರೇ ಹೇಳೋದೇ. ನಾ ನೋಡ್ತೀನಿ ತಡಿ."

ಫೋನ್ ಇಟ್ಟರು. ನನಗೆ ಎಂಥ ಸಿಟ್ಟು ಬಂತೆಂದರೆ, ಒಂದು ಸಾಂತ್ವನದ ಮಾತಿಗೂ ಗತಿಯಿಲ್ಲದ ಹೆಂಗಸು ಎಂದು ಹೆಂಡತಿಯ ಮುಂದೆ ಕೂಗಾಡಿದೆ. ನಂಬುತ್ತೇನೆ ಎಂದು ಇನ್ನು ನಾಲ್ಕು ಜನ ಸ್ನೇಹಿತರು ಹೇಳಿದ್ದರು. ನಿಜ ಹೇಳಬೇಕೆಂದರೆ, ನಂಬುತ್ತೇವೆ ಎಂದವರು ಅಷ್ಟಕ್ಕೇ ನಿಲ್ಲಿಸಿದ್ದರು.

ವಾರದ ಕೊನೆಗೆ ನನ್ನನ್ನು ಮತ್ತೆ ಕರೆಸಿದರು. ಅದೇ ಕೋಣೆ, ಅದೇ ಇಬ್ಬರು, ಜೊತೆಗೆ ಆಪಾ. ಗೋಡೆಯ ಪರದೆಯ ಮೇಲೆ ಬೆಲ್ಟಿನ ದಾಖಲೆ. ನನ್ನ ವಿಳಾಸ ಸಾಲುಸಾಲಾಗಿ ಕೆಂಪು ಬಣ್ಣದಲ್ಲಿತ್ತು.

"ಇದು ಸಂದೇಶ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು. ಇದನ್ನು ಸ್ವಲ್ಪ ಹೊತ್ತು ಬದಿಗಿಡೋಣ" ಎಂದು ಆಪಾ ಡಚ್ಚಿನಲ್ಲಿ ಶುರುಮಾಡಿದರು. ಆಮೇಲೆ ಫೈರ್‌ವಾಲ್‌ನ ದಾಖಲೆ ತೆರೆದರು. ಅದೇ ಸಂದೇಶಗಳು, ಅದೇ ವೇಳೆ. ಆದರೆ ಇಲ್ಲಿ ಪಕ್ಕದಲ್ಲಿ ಪ್ರತಿಯೊಂದೂ ಯಾವ ಬಾಗಿಲಿಂದ ಒಳಗೆ ಬಂತು ಎಂಬುದಿತ್ತು. ಎಲ್ಲವೂ ಎನ್ಸ್‌ಕೆಡೆಯ ಬಾಗಿಲಿಂದ ಬಂದಿದ್ದವು.

"ಇವನ ಕಂಪ್ಯೂಟರ್ ಇದೇ ಕಟ್ಟಡದಲ್ಲಿ, ಆಫೀಸಿನ ಬಾಗಿಲ ಹಿಂದೆ ಇದೆ. ಅದು ಕಳಿಸಿದ್ದರೆ ಆಫೀಸಿನ ಬಾಗಿಲಿಂದ ಬರಬೇಕಿತ್ತು. ಒಂದೂ ಬಂದಿಲ್ಲ. ಎನ್ಸ್‌ಕೆಡೆಯಿಂದ ಯಾರೋ ಇವನ ವಿಳಾಸ ಹಾಕಿ ಕಳಿಸಿದ್ದಾರೆ. ಬೆಲ್ಟ್ ಕೊಟ್ಟ ಉತ್ತರ ಇವನ ಕಂಪ್ಯೂಟರಿಗೆ ಬಂದಿದೆ, ಕೇಳದ ಪ್ರಶ್ನೆಗೆ ಉತ್ತರ ಎಂದು ಅದು ಎಸೆದಿದೆ. ಇವನು ಮಾಡಿಲ್ಲ."

ಮ್ಯಾನೇಜರ್ ಪರದೆಯ ಹತ್ತಿರ ಹೋಗಿ ಸಾಲು ಸಾಲು ಬೆರಳಿಟ್ಟು ನೋಡಿದ. ನನ್ನ ಕಡೆ ತಿರುಗಿ ಕ್ಷಮೆ ಕೇಳಿದ, ಅದರಲ್ಲಿ ಕೊಸರಿಲ್ಲ. ಆಮೇಲೆ ಸಹಜವಾಗಿ ಮುಂದಿನ ಪ್ರಶ್ನೆ ಬಂತು. "ಹಾಗಾದರೆ ಎನ್ಸ್‌ಕೆಡೆಯಲ್ಲಿ ಯಾರು?" ಸಿಬ್ಬಂದಿ ವಿಭಾಗದ ಹೆಂಗಸು ಪೆನ್ನೆತ್ತಿಕೊಂಡಳು.

ಆಪಾ ಕನ್ನಡಕ ಬಿಚ್ಚಿ ಮೇಜಿನ ಮೇಲಿಟ್ಟರು.

"ಅದಕ್ಕೆ ಮುಂಚೆ ಇದನ್ನು ಬರೆದುಕೊಳ್ಳಿ. ಆ ಬಾಗಿಲಲ್ಲಿ ಕಾವಲಿತ್ತು. ಸುಳ್ಳು ವಿಳಾಸದ ಸಂದೇಶ ಒಂದೂ ದಾಟಬಾರದಿತ್ತು. ಲೈನು ಜೋಡಿಸಿದ ಹೊಸದರಲ್ಲಿ ನಾನು ಆ ಕಾವಲಿಗೆ, ತಡೆಯಬೇಡ, ಸುಮ್ಮನೆ ನೋಡಿ ಬರೆದುಕೋ ಎಂದು ಹೇಳಿದ್ದೆ. ವಾಪಸ್ ಹಾಕಬೇಕಿತ್ತು. ಹಾಕಲಿಲ್ಲ. ಬೆಲ್ಟ್ ನಿಂತದ್ದು ಅದರಿಂದ. ನನ್ನಿಂದ."

ನನಗೆ ಗೊತ್ತಿತ್ತು, ಮ್ಯಾನೇಜರಿಗಂತೂ ಗೊತ್ತೇ ಇತ್ತು: ಹಾಗೆ ತಡೆ ತೆಗೆಯಲು ಹೇಳಿದವನು ಅವನೇ. ಎನ್ಸ್‌ಕೆಡೆಯಲ್ಲಿ ಯಾವ ಯಾವ ವಿಳಾಸಗಳಿವೆ ಎಂದು ಅಲ್ಲಿಯವರು ಕೊಟ್ಟಿದ್ದ ಮಾಹಿತಿ ಅರೆಬರೆಯಾಗಿತ್ತು; ಅದರಿಂದ ಪ್ಯಾಕ್ ಮಾಡುವವರ ಕೈಯ ಸ್ಕ್ಯಾನರುಗಳ ನಿಜವಾದ ಸಂದೇಶಗಳೂ ತಡೆಗೆ ಸಿಕ್ಕಿ ಬೀಳುತ್ತಿದ್ದವು. ಸ್ವಲ್ಪ ದಿನದ ಮಟ್ಟಿಗೆ ಬಿಟ್ಟುಬಿಡು ಎಂದು ಅವನು ಗೋಗರೆದದ್ದನ್ನು ಪಕ್ಕದ ಮೇಜಿನಲ್ಲಿ ಕೂತು ನಾನೇ ಕೇಳಿದ್ದೆ. ಈಗ ಅವನ ಮುಖ ಬಿಳುಚಿತು. ಆಪಾ ಅವನ ಕಡೆ ನೋಡಲಿಲ್ಲ. ಅವನು ಗಂಟಲು ಸರಿಮಾಡಿಕೊಂಡ, ನೀರು ಕುಡಿದ, ಏನೂ ಹೇಳಲಿಲ್ಲ.

ಹೊರಗೆ ಬಂದಾಗ ನನ್ನ ಕಾರ್ಡು ನನ್ನ ಕೈಲಿತ್ತು. ಸಂತೋಷ ಆಗಬೇಕಿತ್ತು, ಆದರೆ ನೆತ್ತಿಗೇರಿದ್ದು ಸಿಟ್ಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದರಲ್ಲ, ಆ ಎತ್ತು ಯಾವುದೆಂದು ನೋಡಬೇಕಿತ್ತು. "ಆಪಾ, ಎನ್ಸ್‌ಕೆಡೆಯವನು ಯಾರು ಅಂತ ನಿಮಗೆ ಗೊತ್ತಾ?" ಎಂದೆ.

"ಗೊತ್ತದ. ನಾಳೆ ನಾ ಹೊಂಟೀನಿ. ನೀನೂ ಬಾ."

ಅವರು ಡೀಮೆನ್‌ನಿಂದ, ನಾನು ಟಿಲ್‌ಬರ್ಗ್‌ನಿಂದ ಹೊರಟೆವು. ಎರಡು ದಾರಿಯೂ ಕೂಡುವುದು ಡೆವೆಂಟರ್ ಸ್ಟೇಷನ್ನಿನಲ್ಲಿ. ಅಲ್ಲಿ ಅವರಿದ್ದ ರೈಲಿಗೆ ನಾನೂ ಹತ್ತಿದೆ. ಕೂತ ಕೂಡಲೇ ಡಬ್ಬಿ ತೆರೆದು ನನ್ನ ಕೈಗೆ ರೊಟ್ಟಿ ಕೊಟ್ಟರು. ರಾತ್ರಿಯೆಲ್ಲ ಕೊರೆಯುತ್ತಿದ್ದುದನ್ನು ಕೇಳಿದೆ.

"ಬಾಗಿಲು ತೋರಿಸಿದ್ರಲ್ಲ, ಅಷ್ಟಕ್ಕೇ ನಾನು ಬಚಾವಾಗಿದ್ದೆ. ಕಾವಲು ತೆಗೆದಿದ್ದು ನೀವು ಅಂತ ಯಾರೂ ಕೇಳೇ ಇರ್ಲಿಲ್ಲ. ಯಾಕೆ ಹೇಳಿದ್ರಿ? ಜನವರಿಯಲ್ಲಿ ಆ ಪೋಸ್ಟು..."

"ನಿನ್ನ ಹೆಸರು ಅಳಿಸಿದೆ. ಆ ಜಾಗ ಖಾಲಿ ಆತು. ಆಕಿ ಪೆನ್ನು ಹಿಡಕೊಂಡು ಕುಂತಿದ್ದಳು ನೋಡಿದೇನು? ಖಾಲಿ ಜಾಗ ಬಿಟ್ರ ಅದರಾಗ ಇನ್ನೊಬ್ಬಂದು ಬರೀತಾರ. ಖರೇ ಹೆಸರು ಯಾವುದಂತ ನನಗ ಗೊತ್ತಿತ್ತು. ಹೇಳಿದೆ."

"ಆದ್ರೆ ಮ್ಯಾನೇಜರ್ ತಾನೇ ನಿಮ್ಮನ್ನ ಕೇಳ್ಕೊಂಡಿದ್ದು?"

"ಅಂವ ಕೇಳಿದ್ದು ಖರೇ. ಕೈ ನಂದು." ರೊಟ್ಟಿ ಮುರಿದರು. "ಅಂವ ಸ್ವಲ್ಪ ದಿನ ಅಂದಿದ್ದ. ಅಷ್ಟು ದಿನ ಆತು, ಇನ್ನ ಸಾಕು ಅಂತ ನಾ ನೆನಪಿಟ್ಕೋಬೇಕಿತ್ತು. ಮರತೆ. ತಿನ್ನು."

ಇಂಥ ಮಾತನ್ನು ಪುಸ್ತಕದಲ್ಲಿ ಓದಿದರೆ ನಾನು ನಂಬುವವನಲ್ಲ. ಎದುರಿನ ಸೀಟಿನಲ್ಲಿ ಚಟ್ನಿ ಹಚ್ಚಿಕೊಳ್ಳುತ್ತ ಒಬ್ಬರು ಹೇಳಿದ್ದರಿಂದ ನಂಬಬೇಕಾಯಿತು.

ಎನ್ಸ್‌ಕೆಡೆಯ ಗೋದಾಮಿನಲ್ಲಿ ನಮಗಾಗಿ ಕಾಯುತ್ತಿದ್ದವನು ಐವತ್ತು ದಾಟಿದ ಒಬ್ಬ ತಂತ್ರಜ್ಞ. ಏಜೆನ್ಸಿಯ ಮೂಲಕ ಕೆಲಸಕ್ಕೆ ಬಂದವನು. ಅಂಥವರನ್ನು ಕಳಿಸಲು ಮೀಟಿಂಗೂ ಬೇಕಿಲ್ಲ, ಒಂದು ಫೋನ್ ಸಾಕು. ಟಿಲ್‌ಬರ್ಗ್‌ನಿಂದ ಬೆಲ್ಟಿನ ವಿಷಯಕ್ಕೆ ಇಬ್ಬರು ಬರುತ್ತಾರೆ ಎಂದು ಮಾತ್ರ ಅವನಿಗೆ ಹೇಳಿದ್ದರು. ಮೇಜಿನ ಮೇಲಿದ್ದ ತನ್ನ ಸಾಮಾನನ್ನೆಲ್ಲ ಆಗಲೇ ಒಂದು ಚೀಲಕ್ಕೆ ತುಂಬಿಟ್ಟಿದ್ದ.

ಆಪಾ ಕೇಳುವ ಮೊದಲೇ ಅವನೇ ಎಲ್ಲ ಹೇಳಿದ. ಅಲ್ಲಿಯೂ ನಮ್ಮದರಂಥದೇ ಹೊಸ ಬೆಲ್ಟ್ ಬರುವುದಿತ್ತು. ಅಭ್ಯಾಸಕ್ಕೆಂದು ನಾವು ಬೇಸಿಗೆಯ ನನ್ನ ಪರೀಕ್ಷೆಯ ಧ್ವನಿಮುದ್ರಣದಂಥ ಒಂದು ಪ್ರತಿಯನ್ನು, ಅಂದರೆ ನನ್ನ ಕಂಪ್ಯೂಟರು ಬೆಲ್ಟಿಗೆ ಕಳಿಸಿದ ಸಂದೇಶಗಳನ್ನು ಇದ್ದಂತೆಯೇ ಹಿಡಿದಿಟ್ಟದ್ದನ್ನು, ಅವರಿಗೆ ಕಳಿಸಿದ್ದೆವು. ಅದನ್ನು ಪ್ರತ್ಯೇಕವಾದ ಪರೀಕ್ಷಾ ಮೇಜಿನ ಮೇಲೆ ಮತ್ತೆ ಮತ್ತೆ ಓಡಿಸಿ ಅವನು ಕಲಿಯುತ್ತಿದ್ದ. ಒಂದು ದಿನ ಮೇಜು ಸರಿಸುವಾಗ ಕೇಬಲ್ಲು ಕಿತ್ತುಬಂತು. ತಿರುಗಿ ಸಿಕ್ಕಿಸಿದ್ದು ಪಕ್ಕದ ತೂತಿಗೆ, ನಿಜವಾದ ನೆಟ್‌ವರ್ಕಿನ ತೂತಿಗೆ. ಅಲ್ಲಿಂದಾಚೆ ಅವನು ಗುಂಡಿ ಒತ್ತಿದಾಗಲೆಲ್ಲ ನನ್ನ ಹಳೆಯ ಆದೇಶ, ನನ್ನ ವಿಳಾಸ ಹೊತ್ತುಕೊಂಡು, ದೇಶದ ಅಡ್ಡಗಲ ದಾಟಿ ಬಂದು ನಮ್ಮ ಬೆಲ್ಟ್ ನಿಲ್ಲಿಸುತ್ತಿತ್ತು. ಇಷ್ಟೇ. ಯಾವ ಶತ್ರುವೂ ಇರಲಿಲ್ಲ. ಒಂದು ವಾರ ನಾನು ಮನಸ್ಸಿನಲ್ಲೇ ಕತ್ತು ಹಿಸುಕಿದ್ದ ಮನುಷ್ಯ ನನ್ನೆದುರು ಕೈ ಹೊಸಕಿಕೊಳ್ಳುತ್ತ ನಿಂತಿದ್ದ.

"ತಪ್ಪು ನನ್ನದೇ" ಎಂದ ಅವನು.

"ತಪ್ಪು ತೂತಿಗೆ ಕೇಬಲ್ ಹಾಕಿದ್ದು ನೀನು" ಎಂದರು ಆಪಾ. "ಅದು ಯಾರು ಬೇಕಾದರೂ ಮಾಡುವಂಥದು. ಈ ಕಡೆಯಿಂದ ಅಂಥದೇನಾದರೂ ಬಂದರೆ ನಿಲ್ಲಿಸುವುದು ನನ್ನ ಕೆಲಸವಾಗಿತ್ತು. ಬೆಲ್ಟ್ ನಿಂತದ್ದು ನನ್ನ ಲೆಕ್ಕಕ್ಕೆ ಬರೆದಾಗಿದೆ. ನಿನ್ನ ಲೆಕ್ಕದಲ್ಲಿ ಏನೂ ಇಲ್ಲ. ಈಗ ಬಾ, ಕೆಲಸವಿದೆ."

ಅವನು ನನ್ನ ಮುಖ ನೋಡಿದ. ಡಚ್ ಸರಿಯಾಗಿ ಅರ್ಥವಾಯಿತೇ ಎಂದು ನನ್ನನ್ನೇ ಕೇಳುವಂತಿತ್ತು, ಭಾಷೆ ಅವನದಾದರೂ.

ಆಮೇಲೆ ಮೂವರೂ ಗೋದಾಮು ಸುತ್ತಿದೆವು. ಯಾವ ಸ್ಕ್ಯಾನರ್, ಯಾವ ಪ್ರಿಂಟರ್, ಯಾವ ತಕ್ಕಡಿ, ಯಾವುದಕ್ಕೆ ಯಾವ ವಿಳಾಸ ಎಂದು ಮುಟ್ಟಿ ಮುಟ್ಟಿ ನೋಡಿದೆವು. ಆ ಮಾಹಿತಿ ಪೂರ್ತಿ ಇಲ್ಲದ್ದರಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು. ಅವನಿಗೆ ಪ್ರತಿ ಮೂಲೆಯೂ ಗೊತ್ತಿತ್ತು. ಎಲ್ಲ ಮುಗಿದ ಮೇಲೆ ಆಪಾ ಅವನ ಮೇಜಿನ ಬಳಿ ಲ್ಯಾಪ್‌ಟಾಪ್ ತೆರೆದು, ಎನ್ಸ್‌ಕೆಡೆಯ ಬಾಗಿಲ ಹಿಂದೆ ಇರುವವರು ಇಷ್ಟೇ ಜನ ಎಂದು ಫೈರ್‌ವಾಲ್‌ಗೆ ಕಲಿಸಿದರು. ಕಾವಲನ್ನು ನೋಡುವುದರಿಂದ ತಡೆಯುವುದಕ್ಕೆ ತಿರುಗಿಸಿದರು. ಸ್ಕ್ಯಾನರುಗಳು ಎಂದಿನಂತೆ ಕೀಚಲು ಸದ್ದು ಮಾಡುತ್ತಲೇ ಇದ್ದವು. ನಿಜವಾದ ಸಂದೇಶ ಒಂದೂ ಬೀಳಲಿಲ್ಲ.

ಅಲ್ಲಿಗೆ ಎದ್ದು ಬರಬಹುದಿತ್ತು. ಆಪಾ ಆ ಮನುಷ್ಯನಿಗೆ ಹೇಳಿದರು: "ಈಗ ಆ ಕೇಬಲ್ಲನ್ನು ಮತ್ತೆ ತಪ್ಪು ತೂತಿಗೆ ಹಾಕು. ಗುಂಡಿ ಒತ್ತು."

ಅವನು ಒಂದು ಹೆಜ್ಜೆ ಹಿಂದೆ ಸರಿದ. ಟಿಲ್‌ಬರ್ಗ್‌ನಲ್ಲಿ ಬೆಲ್ಟು ತುಂಬ ಆಟಿಕೆ ಓಡುತ್ತಿತ್ತು. ಮತ್ತೆ ನಿಂತರೆ ಮೂವರ ಕಥೆಯೂ ಅಲ್ಲಿಗೇ ಮುಗಿಯಿತು.

"ಆಪಾ, ಸೆಟ್ಟಿಂಗ್ ಸರಿ ಇದ್ಯಲ್ಲ, ಟೆಸ್ಟ್ ಯಾಕೆ ಈಗ? ಹಬ್ಬ ಮುಗೀಲಿ" ಎಂದೆ.

"ಸರಿ ಅದ ಅಂತ ಅದು ಹೇಳ್ತದ. ನಾ ಹೇಳಿದ್ದೂ ಸಾಲದು." ಟಿಲ್‌ಬರ್ಗ್‌ನ ಬೆಲ್ಟಿನ ಪಕ್ಕ ನಿಂತಿದ್ದ ಮೇಸ್ತ್ರಿಗೆ ಫೋನ್ ಹಚ್ಚಿ ಮೇಜಿನ ಮೇಲಿಟ್ಟರು. ಫೋನಿನೊಳಗಿಂದ ಬೆಲ್ಟಿನ ಗರಗರ ಕೇಳುತ್ತಿತ್ತು. "ನಿಂತರೆ ಅದೂ ನನ್ನದೇ. ಒತ್ತು" ಎಂದರು ಅವನಿಗೆ.

ಅವನು ಒತ್ತಿದ. ಲ್ಯಾಪ್‌ಟಾಪಿನ ಪರದೆಯ ಮೇಲೆ ನನ್ನ ವಿಳಾಸ ಬಂತು, ಎನ್ಸ್‌ಕೆಡೆಯ ಬಾಗಿಲಿಂದ; ಪಕ್ಕದಲ್ಲೇ, ಬೀಳಿಸಲಾಯಿತು ಎಂದಿತ್ತು. ಫೋನಿನಲ್ಲಿ ಗರಗರ ನಿಲ್ಲಲಿಲ್ಲ. ಇನ್ನೊಮ್ಮೆ ಒತ್ತಿಸಿದರು. ನಿಲ್ಲಲಿಲ್ಲ. ನನ್ನನ್ನೂ ಕರೆದು ಒತ್ತಿಸಿದರು. ನಾನು ಒತ್ತಿದೆ, ನನ್ನದೇ ಹೆಸರು ನನ್ನ ಕೈಯಿಂದಲೇ ಹೋಗಿ ಆ ಬಾಗಿಲಲ್ಲಿ ಬಿತ್ತು. ಆ ಮನುಷ್ಯ ಮುಖ ಮುಚ್ಚಿಕೊಂಡು ಕುರ್ಚಿಯಲ್ಲಿ ಕೂತುಬಿಟ್ಟ. ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ. ಬೈಯಲು ಬಂದವನು ನಾನು ಎಂಬುದು ನೆನಪಿಗೂ ಬರಲಿಲ್ಲ.

ವಾಪಸ್ ರೈಲು ಹೊರಟ ಸ್ವಲ್ಪ ಹೊತ್ತಿಗೆ ಆಪಾ ಫೋನಿಗೆ ಮ್ಯಾನೇಜರಿನ ಕರೆ ಬಂತು. ಅವರು ಹೆಚ್ಚು ಮಾತಾಡಲಿಲ್ಲ. ಹೌದು ಎಂದರು, ಅರ್ಥವಾಯಿತು ಎಂದರು, ಕೊನೆಗೆ ಅವನ ಹೆಂಡತಿಯ ಮೊಣಕಾಲು ಹೇಗಿದೆ ಎಂದು ಕೇಳಿ ಇಟ್ಟರು.

"ಆ ಪೋಸ್ಟಿಗೆ ಹೊರಗಿನವರನ್ನ ತಗೋತಾರಂತ" ಎಂದರು.

"ನಾನು ಮಾತಾಡ್ತೀನಿ ಆಪಾ. ಅವನೇ ನಿಮಗೆ ಹೇಳಿದ್ದು ಅಂತ ಎಲ್ಲರ ಮುಂದೆ ಹೇಳ್ತೀನಿ."

"ನೀ ಏನೂ ಹೇಳಬ್ಯಾಡ. ಅದನ್ನ ಅಂವ ಹೇಳಿದ್ರ ಬ್ಯಾರೆ. ನೀ ಹೇಳಿದ್ರ ಅದು ಅಂವ ಹೇಳಿದಂಗಾಗಂಗಿಲ್ಲ." ಫೋನನ್ನು ಚೀಲಕ್ಕೆ ಹಾಕಿದರು. "ಬೇಕಾಗಿತ್ತು ನನಗ ಅದು. ಭಾಳ ಬೇಕಾಗಿತ್ತು."

ಅಷ್ಟು ಹೇಳಿ ದುಪಟ್ಟಾ ಸರಿಮಾಡಿಕೊಂಡು, ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರು. ನೋಡುನೋಡುತ್ತಲೇ ನಿದ್ದೆ ಹತ್ತಿತು. ಕೊರಳ ದಾರದಲ್ಲಿ ಕನ್ನಡಕ ಏರಿಳಿಯುತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣಗೆ ಗೊರಕೆಯೂ ಬರುತ್ತಿತ್ತು. ನಾನು ಒಂದು ವಾರದಿಂದ ಕಣ್ಣು ಮುಚ್ಚಿರಲಿಲ್ಲ. ಆ ರೈಲಿನಲ್ಲಿ ತಪ್ಪಿಲ್ಲವೆಂದು ಸಾಬೀತಾದವನು ನಾನು, ತಪ್ಪು ಒಪ್ಪಿಕೊಂಡು ಎಲ್ಲ ಕಳೆದುಕೊಂಡವರು ಅವರು. ನಿದ್ದೆ ಬಂದದ್ದು ಅವರಿಗೆ. ನನಗೆ ಅಳು ಬಂತು, ಅತ್ತೆ, ನಾಚಿಕೆಪಡಲಿಲ್ಲ.

ಡೆವೆಂಟರ್ ಬಂತು. ನಾನು ಅಲ್ಲಿಳಿದು ಟಿಲ್‌ಬರ್ಗ್ ರೈಲು ಹಿಡಿಯಬೇಕಿತ್ತು. ಎಬ್ಬಿಸಿ ಹೊರಡುತ್ತೇನೆ ಎನ್ನಲು ಮನಸ್ಸಾಗಲಿಲ್ಲ, ಹಾಗೇ ಬಿಟ್ಟು ಹೋದರೆ ಅವರು ತಮ್ಮ ಸ್ಟೇಷನ್ ದಾಟಿ ಹೋಗಿಬಿಟ್ಟಾರು ಎನ್ನಿಸಿತು. ಬಾಗಿಲುಗಳು ಮುಚ್ಚಿದವು. ಮನೆಗೆ ಬರುವುದು ತಡವಾಗುತ್ತದೆ ಎಂದು ಹೆಂಡತಿಗೆ ಮೆಸೇಜು ಹಾಕಿ, ಡೀಮೆನ್‌ವರೆಗೂ ಅವರೆದುರು ಎಚ್ಚರವಾಗಿ ಕೂತೆ.